ಟಾಕೀಸಿನ ಭಾನುವಾರಗಳು, ಅತ್ತೆಯ ಜೊತೆ

ಕೇಬಲ್ ಟಿವಿ ಬಂದ ಮೇಲೆ ಶಿರಸಿಯ ಆ ಹಳೇ ಟಾಕೀಸಿಗೆ ಮಧ್ಯಾಹ್ನದ ಹೊತ್ತು ಹೋಗುವವರೇ ಕಡಿಮೆಯಾದರು. ಅದರ ಮಾಲಕರು ಹಾವೇರಿ ಕಡೆಯವರು, ಹಾಡೆಂದರೆ ಊಟ ಬಿಡುವ ಮನುಷ್ಯ. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ ಅವರು ಭಾನುವಾರದ ಮ್ಯಾಟಿನಿ ನಿಲ್ಲಿಸಿಬಿಟ್ಟರು. ಪರದೆಯ ಮುಂದೆ ಹಲಗೆ ಹೊಡೆಸಿ ವೇದಿಕೆ ಮಾಡಿಸಿ, ವಾರಕ್ಕೊಂದು ತಂಡ ಕರೆಸತೊಡಗಿದರು. ಒಂದು ವಾರ ಹುಬ್ಬಳ್ಳಿಯ ಮದುವೆ ಬ್ಯಾಂಡಿನವರು ಕೆಂಪು ಕೋಟು ತೊಟ್ಟು ಬಂದರೆ, ಮರುವಾರ ಕಾರವಾರದ ಹುಡುಗರು ಗಿಟಾರು ಹಿಡಿದು ಬರುತ್ತಿದ್ದರು. ಅದಾದ ಮೇಲೆ ಸಿದ್ದಾಪುರದ ಭಜನಾ ಮಂಡಳಿ. ಯಾರ ಹಿಂದೆ ಯಾರು ಎಂಬುದಕ್ಕೆ ಲೆಕ್ಕವೇ ಇರಲಿಲ್ಲ.

ಆಗ ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಬಾಡಿಗೆ ಮನೆಯಲ್ಲಿ ನನ್ನ ಜೊತೆ ಇದ್ದವಳು ಅಪ್ಪನ ಅಕ್ಕ, ನನ್ನ ಅತ್ತೆ. ಒಂದು ಕಾಲಕ್ಕೆ ಹೆಗಡೆಕಟ್ಟಾ ಸುತ್ತಮುತ್ತ ಯಾವ ಮದುವೆಯಾದರೂ ಹಾಡು ಹೇಳಲು ಅವಳೇ ಬೇಕಿತ್ತು. ಆಮೇಲೆ ಕಿವಿ ಮಂದವಾಗುತ್ತ ಬಂತು. ಯಾರದೋ ಮದುವೆಯಲ್ಲಿ ಹಾಡುತ್ತಿದ್ದಾಗ ಎದುರಿನ ಹೆಂಗಸರು ಮುಖ ಮುಖ ನೋಡಿಕೊಂಡರಂತೆ. ಅರ್ಧಕ್ಕೇ ನಿಲ್ಲಿಸಿ ಎದ್ದು ಬಂದವಳು ಮತ್ತೆ ಬಾಯಿ ಬಿಟ್ಟಿರಲಿಲ್ಲ. ಕಿವಿಗೆ ಹಾಕುವ ಮಶೀನು ತಂದುಕೊಟ್ಟೆವು. ‘ಎಲ್ಲದೂ ತಗಡು ಬಡದಾಂಗೆ ಕೇಳ್ತು’ ಎಂದು ಅದನ್ನು ಕಪಾಟಿನೊಳಗೆ ಇಟ್ಟಳು.

ಬ್ಯಾಂಡಿನವರು ಬಂದ ಭಾನುವಾರ ನಾನು ಅವಳನ್ನೂ ಕರೆದೆ.

‘ನಂಗೆಂತಕ್ಕೆ ಮಾರಾಯ್ತಿ? ಕಿವುಡಿ ಹೋಗಿ ಎಂತ ಕೇಳದು?’

‘ಬಾ ಅತ್ತೆ. ಮಧ್ಯದಲ್ಲಿ ಬಿಸಿ ಭಜೆ ತಿಂಬನ.’

ಭಜೆಯ ಆಸೆಗೋ, ಮನೆಯಲ್ಲಿ ಒಬ್ಬಳೇ ಕೂರುವ ಬೇಸರಕ್ಕೋ, ಸೀರೆ ಬದಲಿಸಿ ಬಂದಳು. ಮುಂದಿನ ಸಾಲಿನ ಮರದ ಕುರ್ಚಿಗಳು ಮಾತ್ರ ಖಾಲಿ ಇದ್ದವು. ದೊಡ್ಡ ಡ್ರಮ್ಮಿಗೆ ಮೊದಲ ಪೆಟ್ಟು ಬಿದ್ದದ್ದೇ ಅತ್ತೆ ನನ್ನ ಮಣಿಕಟ್ಟು ಹಿಡಿದಳು.

‘ಕುರ್ಚಿ ನಡುಗ್ತಾ ಇದ್ದು ಕೂಸೇ!’

ಆಮೇಲೆ ಅವಳು ಎರಡೂ ಅಂಗೈಯನ್ನು ಕುರ್ಚಿಯ ಕೈಗೆ ಒತ್ತಿಕೊಂಡು, ಕಣ್ಣು ಅರಳಿಸಿ, ಕೊನೆಯವರೆಗೆ ಅಲುಗಲಿಲ್ಲ. ಭಜೆ ತಣ್ಣಗಾಯಿತು.

ಅಂದಿನಿಂದ ಭಾನುವಾರ ಊಟವಾದ ಕೂಡಲೇ ಅವಳೇ ನನ್ನನ್ನು ಎಬ್ಬಿಸುತ್ತಿದ್ದಳು. ಸ್ಪೀಕರಿನ ಪಕ್ಕದ ಜಾಗ ನಮ್ಮದಾಯಿತು. ಬೇರೆಯವರು ಅಲ್ಲಿ ಕೂತರೆ ಕಿವಿ ಮುಚ್ಚಿಕೊಳ್ಳಬೇಕಾಗುತ್ತಿತ್ತು, ಹಾಗಾಗಿ ಜಗಳವೇನೂ ಇರಲಿಲ್ಲ. ಅವಳ ವಿಮರ್ಶೆಯೇ ಬೇರೆ. ಊರೆಲ್ಲ ಹೊಗಳಿದ ಗಾಯಕರೊಬ್ಬರ ಬಗ್ಗೆ ‘ಬಾಯಿ ಬಿಡದು ಕಾಣ್ತು, ಮತ್ತೆಂತದೂ ಇಲ್ಲೆ’ ಎಂದು ನಿದ್ದೆ ಮಾಡಿದಳು. ಕಾರವಾರದ ಹುಡುಗರ ಗದ್ದಲಕ್ಕೆ ಹಿರಿಯರು ಎದ್ದು ಹೋಗುತ್ತಿದ್ದರೆ ಇವಳು ‘ಆ ದಪ್ಪ ತಂತಿಯವ ಚೊಲೋ ಬಾರಿಸ್ತ’ ಎಂದು ತಲೆದೂಗಿದಳು.

ಹೋಳಿ ಹಬ್ಬಕ್ಕೆ ಇನ್ನೂ ಸ್ವಲ್ಪ ದಿನ ಇರುವಾಗ ಯಲ್ಲಾಪುರ ಕಡೆಯಿಂದ, ಮಾಗೋಡಿನ ಆಚೆಯ ಕಾಡಂಚಿನಿಂದ, ಸಿದ್ದಿ ಜನರ ಒಂದು ತಂಡ ಬಂತು. ತಂಡದ ಹಿರಿಯರು ಡಮಾಮಿ ಬಾರಿಸುವವರು. ಡಮಾಮಿ ಎಂದರೆ ಎರಡೂ ಬದಿಗೆ ಚರ್ಮ ಬಿಗಿದ, ನೆಲದ ಮೇಲಿಟ್ಟು ಬಾರಿಸುವ ದೊಡ್ಡ ವಾದ್ಯ. ಅವರ ಹೆಂಡತಿ ಮತ್ತು ಉಳಿದ ಹೆಂಗಸರು ಹಾಡಿ ಕುಣಿಯುವವರು. ಅವರು ಶುರುಮಾಡುವಷ್ಟರಲ್ಲಿ ಕರೆಂಟು ಹೋಯಿತು. ಮೈಕು ಸತ್ತಿತು. ಮಾಲಕರು ಓಡಾಡಿ ಎರಡೂ ಬದಿಯ ಬಾಗಿಲು ತೆರೆಸಿದರು. ಟಾಕೀಸಿನೊಳಗೆ ಹಗಲಿನ ಬಿಸಿಲು ಬಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಡಮಾಮಿಗೆ ಮೈಕು ಬೇಕೇ ಇರಲಿಲ್ಲ. ಕುಣಿತ ಮುಗಿದ ಮೇಲೆ ಆ ಹಿರಿಯರು ಬೆವರೊರೆಸಿಕೊಂಡು ಜನರತ್ತ ನೋಡಿದರು. ‘ನಮ್ದು ಆಯ್ತು. ಈಗ ನೀವು ಯಾರಾದ್ರೂ ನಿಮ್ ಹಾಡು ಹೇಳಿ, ನಾನು ಬಾರಿಸ್ತೆ.’

ಹಿಂದಿನ ಸಾಲಿನಲ್ಲಿ ಹೆಗಡೆಕಟ್ಟಾದ ಹೆಂಗಸರಿದ್ದರು. ಒಬ್ಬಳು ಅತ್ತೆಯ ಬೆನ್ನು ತಟ್ಟಿದಳು. ಹಾಡಬೇಕಂತೆ ಎಂದು ನಾನು ಅತ್ತೆಯ ಕಿವಿಗೆ ಬಾಯಿಟ್ಟು ಕೂಗಿ ಹೇಳಿದೆ.

‘ಆನು ಒಲ್ಲೆ,’ ಎಂದಳು ಅತ್ತೆ. ‘ನಂಗೆ ಶ್ರುತಿ ಕೇಳ್ತಿಲ್ಲೆ.’

ಅಷ್ಟು ಜೋರಾಗಿ ಹೇಳಿದ್ದು ವೇದಿಕೆಗೂ ಕೇಳಿತು. ಹಿರಿಯರ ಹೆಂಡತಿ ಕೆಳಗಿಳಿದು ಬಂದರು. ಏನೂ ಕೇಳದೆ ಅತ್ತೆಯ ಕೈ ಹಿಡಿದು ಹಲಗೆ ಹತ್ತಿಸಿ, ವಾದ್ಯದ ಪಕ್ಕ ಕೂರಿಸಿ, ಅಂಗೈಯನ್ನು ಅದರ ಮರದ ಮೈಮೇಲೆ ಇಟ್ಟರು. ಗಂಡ ಮೆಲ್ಲಗೆ ಬಾರಿಸಿದರು.

‘ಇದು ಗೊತ್ತಾಗ್ತದಾ ಅಮ್ಮಾ?’

ಅತ್ತೆಗೆ ಮಾತು ಕೇಳಿಸಿರಲಿಕ್ಕಿಲ್ಲ. ಆದರೆ ಅವಳ ಮುಖ ನೋಡಿ ಅವರಿಗೆ ಉತ್ತರ ಸಿಕ್ಕಿತು. ಎದ್ದು ಬಂದುಬಿಡುತ್ತಾಳೆ ಅಂದುಕೊಂಡೆ. ಅಷ್ಟರಲ್ಲಿ ಮದುಮಗಳನ್ನು ಹಸೆಗೆ ಕರೆಯುವ ಹಾಡೊಂದನ್ನು ಎತ್ತಿಕೊಂಡಳು.

ನಾನು ಮಗುವಾಗಿದ್ದಾಗ ಕೇಳಿದ ದನಿ, ಸ್ವಲ್ಪ ಒಡೆದಿತ್ತು, ಅಷ್ಟೆ. ಎರಡನೇ ನುಡಿಗೆ ಶ್ರುತಿ ಜಾರತೊಡಗಿತು. ಯಾರೂ ಮುಖ ಮುಖ ನೋಡಿಕೊಳ್ಳಲಿಲ್ಲ. ಹೆಗಡೆಕಟ್ಟಾದ ಹೆಂಗಸರು ಕೂತಲ್ಲಿಂದಲೇ ಸೊಲ್ಲು ಹಿಡಿದರು. ಅತ್ತೆ ಅವರ ತುಟಿ ನೋಡುತ್ತ, ಅವರು ಮುಗಿಸುವುದನ್ನು ಕಾದು, ಮುಂದಿನ ನುಡಿಗೆ ಹೋಗುತ್ತಿದ್ದಳು. ಡಮಾಮಿ ಅವಳ ನಡಿಗೆಗೆ ಹೊಂದಿಕೊಂಡು ನಿಧಾನವಾಯಿತು.

ಮನೆಗೆ ನಡೆದು ಬರುವಾಗ ಕೇಳಿದಳು, ‘ಶ್ರುತಿ ತಪ್ಪೋತನೇ?’

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ‘ಹೌದು ಅತ್ತೆ. ಎರಡನೇ ನುಡಿಯಿಂದ.’

‘ತಾಳ?’

‘ತಾಳ ಎಲ್ಲೂ ತಪ್ಪಿದ್ದಿಲ್ಲೆ.’

‘ಹಂಗಾರೆ ಅಡ್ಡಿಲ್ಲೆ,’ ಎಂದು ನಕ್ಕು, ಚಪ್ಪಲಿ ಸರಿಮಾಡಿಕೊಂಡು ನನಗಿಂತ ಮುಂದೆ ನಡೆದಳು.

ಆಮೇಲೆ ಮನೆಯಲ್ಲೂ ಹಾಡತೊಡಗಿದಳು, ಅಕ್ಕಿ ಆರಿಸುತ್ತ, ಮೊರದ ಅಂಚಿಗೆ ಬೆರಳು ಬಡಿಯುತ್ತ. ಡಮಾಮಿಯ ಆ ಗಂಡ ಹೆಂಡತಿ ಶಿರಸಿಗೆ ಬಂದಾಗಲೆಲ್ಲ ನಮ್ಮಲ್ಲಿ ಚಾ ಕುಡಿದೇ ಹೋಗುತ್ತಿದ್ದರು. ಒಮ್ಮೆ ಅವರ ಮಗಳ ಮದುವೆಗೆ ನಾವಿಬ್ಬರೂ ಉಮ್ಮಚಗಿ ದಾಟಿ ಹೋಗಿ ಬಂದೆವು. ಅಲ್ಲಿ ಅತ್ತೆ ಅವರ ಹೆಂಗಸರ ನಡುವೆ ಕೂತು ತನ್ನ ಹಾಡು ಹೇಳಿದ್ದಲ್ಲದೆ, ಅವರ ಒಂದು ಹಾಡನ್ನು ತುಟಿ ನೋಡಿಯೇ ಕಲಿತುಕೊಂಡಳು.

ಟಾಕೀಸಿನ ಭಾನುವಾರಗಳು ಕೆಲವು ಚಳಿಗಾಲ ನಡೆದು ನಿಂತವು. ಮಾಲಕರು ಕಟ್ಟಡ ಮಾರಿ ತಮ್ಮೂರಿಗೆ ಹೊರಟಾಗ ಹೇಳಿಹೋಗಲು ಮನೆಗೆ ಬಂದರು.

‘ಅಮ್ಮಾರ, ಹೋಗೂಕಿಂತ ಮುಂಚೆ ಒಂದು ಹಾಡು ಹೇಳ್ರಿ,’ ಎಂದು ಕೈಸನ್ನೆ ಮಾಡಿ ಕೇಳಿದರು.

ಅತ್ತೆ ಒಳಬಾಗಿಲಿಗೆ ಒರಗಿ ನಿಂತು, ಅದರ ಚೌಕಟ್ಟಿಗೆ ಅಂಗೈ ತಟ್ಟುತ್ತ ಹಾಡಿದಳು. ಶ್ರುತಿ ಎಲ್ಲೆಲ್ಲೋ ಅಲೆದಾಡಿತು. ಸಣ್ಣ ಅಪಸ್ವರಕ್ಕೂ ಮುಖ ಕಿವುಚುತ್ತಿದ್ದ ಆ ಮನುಷ್ಯ ಕಣ್ಣು ಮುಚ್ಚಿ, ಹಾಡು ಮುಗಿಯುವವರೆಗೆ ತಲೆದೂಗುತ್ತ ಕೂತಿದ್ದರು.