ಆಕ್ಸಿಜನ್ ಇಲ್ಲದ ಒಂದು ರಾತ್ರಿ

ಆ ಬೆಳಿಗ್ಗೆಯೂ ಹಾಲು ಕಾಯಲು ಇಟ್ಟು, ನಮ್ಮ ಯಜಮಾನರ ಸಿಪ್ಯಾಪ್ ಮಾಸ್ಕನ್ನು ಸೋಪಿನ ನೀರಿನಲ್ಲಿ ತೊಳೆದು, ಬಟ್ಟೆ ಹಗ್ಗದ ನೆರಳಿನ ತುದಿಗೆ ನೇತುಹಾಕಿದೆ. ಆರು ವಾರಗಳಿಂದ ಇದೇ ನನ್ನ ಮೊದಲ ಕೆಲಸ. ಅಂದು ಇನ್ನೊಂದಿತ್ತು. ರಾತ್ರಿಯಿಡೀ ಇವರ ಬೆರಳು ಕಚ್ಚಿಕೊಂಡಿದ್ದ ಕ್ಲಿಪ್ ತೆಗೆದು ಡಬ್ಬಿಗೆ ಹಾಕಬೇಕಿತ್ತು. ಬೆರಳ ಮೇಲೆ ಅದರ ಅಚ್ಚು ಉಳಿದಿತ್ತು.

ಅದು ಎರಡನೆಯ ಸಲದ ಟೆಸ್ಟ್.

ಮೊದಲನೆಯದನ್ನು ನಾನೇ ಕೆಡಿಸಿದ್ದೆ.

ಇವರಿಗೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತಿತ್ತು. ಬರೀ ಗೊರಕೆ ಅಂದುಕೊಂಡು ವರ್ಷಗಟ್ಟಲೆ ನಕ್ಕಿದ್ದೆವು. ಏದುಸಿರು ಹೆಚ್ಚಾಗಿ ಆಸ್ಪತ್ರೆ ಸೇರಿದಾಗ ಸ್ಲೀಪ್ ಅಪ್ನಿಯಾ ಎಂದರು. ಮನೆಗೆ ಬರುವಾಗ ಎರಡು ಮೆಷೀನು ಜೊತೆಗೆ ಬಂದವು. ಮಾಸ್ಕಿನ ಮೂಲಕ ಗಾಳಿ ಒತ್ತುವ ಸಿಪ್ಯಾಪ್. ಆ ಗಾಳಿಗೆ ಆಕ್ಸಿಜನ್ ಸೇರಿಸಲು ಬಾಡಿಗೆಗೆ ತಂದ ಇನ್ನೊಂದು. ಈ ಎರಡನೆಯದು ಹಿಟ್ಟಿನ ಮಿಲ್ಲಿನ ಹಾಗೆ ಸದ್ದು ಮಾಡುತ್ತಿತ್ತು. ಆ ಸದ್ದಿದ್ದರೆ ಕಣ್ಣು ಮುಚ್ಚಲು ನನಗೆ ಧೈರ್ಯ.

ತಿಂಗಳಾದ ಮೇಲೆ ಡಾಕ್ಟರು, ಆಕ್ಸಿಜನ್ ಇನ್ನೂ ಬೇಕಾ ನೋಡೋಣ, ಒಂದು ರಾತ್ರಿ ಸಿಪ್ಯಾಪ್ ಮಾತ್ರ ಹಾಕಿ ಎಂದು, ರಕ್ತದಲ್ಲಿನ ಆಕ್ಸಿಜನ್ ಎಷ್ಟಿದೆ ಅಂತ ರಾತ್ರಿಯಿಡೀ ಬರೆದುಕೊಳ್ಳುವ ಬೆರಳಿನ ಕ್ಲಿಪ್ ಕೊಟ್ಟು ಕಳಿಸಿದರು. ಇವರು ಮಲಗಿದರು. ರೂಮು ತೀರಾ ಸುಮ್ಮನಾಯಿತು. ತಡೆಯಲಾಗಲಿಲ್ಲ. ಆಕ್ಸಿಜನ್ ಸ್ವಿಚ್ ಹಾಕಿಬಿಟ್ಟೆ. ಇವರು ಏಳುವ ಮೊದಲು ಆರಿಸಿದೆ.

ರಿಪೋರ್ಟ್ ನೋಡಿ ಡಾಕ್ಟರಿಗೆ ಸಂತೋಷ. "ತೊಂಬತ್ತಾರು ಇದೆ. ಆಕ್ಸಿಜನ್ ವಾಪಸ್ ಕೊಟ್ಬಿಡಿ."



ಕಾನ್ವೆಂಟಿನಲ್ಲಿ ಸಿಸ್ಟರ್ ಮುಂದೆ ನಿಲ್ಲುತ್ತಿದ್ದ ಹಾಗೆ ಕೈ ಹಿಂದೆ ಕಟ್ಟಿಕೊಂಡು ನಿಜ ಹೇಳಿದೆ.

"ನನ್ ಪರೀಕ್ಷೇಲಿ ನೀನ್ ಕಾಪಿ ಹೊಡ್ದಿದೀಯಲ್ಲೇ," ಎಂದರು ಇವರು.

ಡಾಕ್ಟರು ನಗಲಿಲ್ಲ. "ಈಗ್ಲಾದ್ರೂ ಹೇಳಿದ್ರಲ್ಲಮ್ಮ. ಗಂಟಲಿನ ದಾರಿ ಮುಚ್ಚದ ಹಾಗೆ ನೋಡ್ಕೊಳ್ಳೋದು ಸಿಪ್ಯಾಪು. ಅದೊಂದೇ ಸಾಕಾಗುತ್ತಾ ಅಂತ ನಂಗೆ ಗೊತ್ತಾಗ್ಬೇಕಿತ್ತು."

ಹೀಗಾಗಿ ಮತ್ತೊಂದು ರಾತ್ರಿ. ಈ ಸಲ ಇವರೇ ಪ್ಲಗ್ ಕಿತ್ತು, ಆಕ್ಸಿಜನ್ ಮೆಷೀನನ್ನು ನಡುಮನೆಗೆ ತಳ್ಳಿ ಬಂದರು. ನಾನು ಹೊದಿಕೆ ಏಳುವುದನ್ನು, ಇಳಿಯುವುದನ್ನು ನೋಡುತ್ತ ಬೆಳಗು ಮಾಡಿದೆ.

ಅಂದೇ ಕ್ಲಿಪ್ ಒಯ್ದು ಡಾಕ್ಟರಿಗೆ ತೋರಿಸಿದೆವು. ಸಿಪ್ಯಾಪ್ ಒಂದರಲ್ಲೇ ತೊಂಬತ್ತೆರಡಕ್ಕಿಂತ ಕೆಳಗೆ ಇಳಿದಿರಲಿಲ್ಲ. ಆಕ್ಸಿಜನ್ ಬೇಡ, ಸಿಪ್ಯಾಪನ್ನು ಮಾತ್ರ ಒಂದು ರಾತ್ರಿಯೂ ಬಿಡಬೇಡಿ, ಮೂರು ತಿಂಗಳಿಗೆ ಮತ್ತೆ ನೋಡೋಣ ಎಂದರು. ವಿಜಯನಗರದ ಬಸ್‌ಸ್ಟಾಪಿನಲ್ಲಿ ಇಳಿದು, ಕಾಯಿನ್ ಬೂತಿನಿಂದ ಬಾಡಿಗೆಯವರಿಗೆ ಫೋನ್ ಮಾಡಿ, ಮೆಷೀನು ತೆಗೆದುಕೊಂಡು ಹೋಗಿ ಎಂದೆ. ಇವರ ಉಸಿರಿಗೆ ಅದು ಬೇಡವಾಗಿ ಎಷ್ಟು ದಿನವಾಗಿತ್ತೋ. ನನಗೆ ಬೇಕಾಗಿತ್ತು ಎಂಬುದು ರಿಪೋರ್ಟಿನಲ್ಲಿ ಬರುವುದಿಲ್ಲವಲ್ಲ.

ಸಂಜೆ ಹಗ್ಗದಿಂದ ಮಾಸ್ಕ್ ತೆಗೆಯುತ್ತಿದ್ದೆ. ನಮ್ಮ ರೂಮಿನ ಗೋಡೆಯ ಆಚೆಗೇ ಮಲಗುವ ಪಕ್ಕದ ಮನೆ ಕಮಲಮ್ಮ ಕಾಂಪೌಂಡಿನಾಚೆ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆಯೇ ಕೇಳಿದರು:

"ಏನ್ರೀ, ನಿಮ್ಮನೆ ಮಿಲ್ಲು ನಿನ್ನೆ ರಾತ್ರಿ ಓಡ್ಲೇ ಇಲ್ಲ? ಆ ಸದ್ದಿಲ್ದೆ ನಂಗೆ ನಿದ್ದೆನೇ ಹತ್ಲಿಲ್ಲ ಕಣ್ರೀ."