ಮೇಡಂ ಒಪ್ಪದ ಬಿಳಿ

ಕೆಳಗಿನ ಅಂಗಡಿಯಲ್ಲಿ ಬಣ್ಣದ ಡಬ್ಬ ಕುಲುಕುವ ಯಂತ್ರ ಗಡಗಡ ಅಂತ ಶುರುವಾಯಿತೆಂದರೆ ಮೇಲಿನ ಮನೆಯಲ್ಲಿ ಮೊದಲು ಕಿಟಕಿಯ ಗಾಜಿಗೆ ಎಚ್ಚರವಾಗುತ್ತಿತ್ತು, ಆಮೇಲೆ ಸ್ಟ್ಯಾಂಡಿನ ತಟ್ಟೆಗಳಿಗೆ. ಆ ಸದ್ದಿಗೆ ನಿದ್ದೆ ಹೋಗುತ್ತಿದ್ದವಳು ಮೇಡಂ ಒಬ್ಬಳೇ. ಬೇರೆ ಮಕ್ಕಳಿಗೆ ಲಾಲಿ ಬೇಕು, ಇವಳಿಗೆ ದೊಡ್ಡ ಡಬ್ಬವೊಂದು ಕುಣಿಯಬೇಕು.

ಮೇಡಂ ಎಂದರೆ ಇನ್ನೇನು ವರ್ಷ ತುಂಬಲಿದ್ದ ಕೂಸು. ಯಾರು ಏನು ಕೊಟ್ಟರೂ ತಿರುಗಿಸಿ ಮುರುಗಿಸಿ ನೋಡಿ, ಅದರಲ್ಲೊಂದು ಐಬು ಹುಡುಕಿ, ನೆಲಕ್ಕೆ ಬಿಸಾಡುವ ಗತ್ತಿನಿಂದ ಆ ಹೆಸರು ಬಂದಿತ್ತು. ಇಟ್ಟವನು ಅವಳ ಅಪ್ಪ. ಕೆಳಗಿನ ಅಂಗಡಿಯಲ್ಲಿ ಬಣ್ಣ ಬೆರೆಸುವುದು ಅವನ ಕೆಲಸ. ಹೆಂಡತಿ ಬೆಳಕು ಹರಿಯುವ ಮೊದಲೇ ಆಸ್ಪತ್ರೆಯ ಕೌಂಟರಿಗೆ ಹೋಗಿಬಿಡುತ್ತಿದ್ದಳು. ಅವನ ಕೆಲಸ ಶುರುವಾಗುತ್ತಿದ್ದದ್ದು ಮಧ್ಯಾಹ್ನ. ಹೀಗಾಗಿ ಬೆಳಗಿನ ಮಗು ಅವನದು, ಸಂಜೆಯ ಮಗು ಅವಳದು. ಗಂಡ ಹೆಂಡತಿ ದಿನಕ್ಕೊಮ್ಮೆ ಮೆಟ್ಟಿಲ ಮೇಲೆ ಭೇಟಿಯಾಗಿ, ಮಗುವನ್ನು ಕೈಯಿಂದ ಕೈಗೆ ದಾಟಿಸಿ, "ಒಗೆದದ್ದು ಒಣಹಾಕಿದೀನಿ", "ಒಲೆ ಮೇಲೆ ಬಿಸಿ ಇದೆ" ಎಂಬಂಥ ಪ್ರೇಮದ ಮಾತಾಡಿ ಬೇರೆಯಾಗುತ್ತಿದ್ದರು.

ಮಧ್ಯಾಹ್ನ ಕೆಳಗಿಳಿದ ಮೇಲೂ ಅವನ ಕಿವಿ ಮೇಲೆಯೇ ಇರುತ್ತಿತ್ತು. ಮಗು ಮಲಗುವ ಹೊತ್ತಿಗೆ ಕುಲುಕಲು ಡಬ್ಬವಿಲ್ಲದಿದ್ದರೆ ಖಾಲಿ ಯಂತ್ರವನ್ನೇ ಓಡಿಸುತ್ತಿದ್ದ. ಅಂಗಡಿಯ ಯಜಮಾನರಿಗೆ ಅದನ್ನು "ಟೆಸ್ಟಿಂಗ್" ಎಂದು ಹೇಳಿದ್ದ. ಅಷ್ಟೊಂದು ಟೆಸ್ಟ್ ಆದ ಯಂತ್ರ ಭೂಮಿಯ ಮೇಲೆ ಇನ್ನೊಂದಿರಲಾರದು.

ತನ್ನ ಕೆಲಸದ ಬಗ್ಗೆ ಅವನಿಗೆ ಸಣ್ಣ ಹೆಮ್ಮೆಯೇನಲ್ಲ. ಗಿರಾಕಿಗಳು ದಿಂಬಿನ ಚೀಲ ತರುತ್ತಿದ್ದರು, ಉದುರಿದ ಗೋಡೆಯ ಚೂರು ತರುತ್ತಿದ್ದರು. ಒಬ್ಬಾಕೆಯಂತೂ ಗಂಡನ ಕಟ್ಟಿಸಿದ ಹಲ್ಲಿನ ಸೆಟ್ಟನ್ನೇ ಕರವಸ್ತ್ರದಲ್ಲಿ ಸುತ್ತಿ ತಂದು, ಮಲಗುವ ಕೋಣೆಗೆ ಇದೇ ಬಿಳಿ ಬೇಕು ಎಂದಿದ್ದಳು. ಅವನು ಬೆರೆಸಿಕೊಟ್ಟಿದ್ದ. "ಬರೀ ಬಿಳಿ ಅನ್ನೋದೊಂದು ಇಲ್ವೇ ಇಲ್ಲ ಸ್ವಾಮಿ. ಯಾವ ಬಿಳಿ ಅಂತ ಹೇಳಿ" ಎಂದು ಪ್ರತಿಯೊಬ್ಬರಿಗೂ ಪಾಠ ಒಪ್ಪಿಸುತ್ತಿದ್ದ. ಜನ ಕೇಳಿಸಿಕೊಳ್ಳುತ್ತಿದ್ದರು. ಡಬ್ಬ ಅವನ ಕೈಯಲ್ಲಿತ್ತಲ್ಲ, ಬೇರೆ ದಾರಿಯಿರಲಿಲ್ಲ.

ಇಂಥವನನ್ನು ಹೆಂಡತಿಯ ಜೊತೆ ಕೂರಿಸಿಕೊಂಡು ಮಕ್ಕಳ ಡಾಕ್ಟರಮ್ಮ ಹೇಳಿದರು: "ವರ್ಷ ತುಂಬಿದ ಮೇಲೆ ಡಬ್ಬದ ಹಾಲಿನ ಪುಡಿ ನಿಲ್ಲಿಸಿ. ಕೆನೆ ತೆಗೆಯದ ಹಸುವಿನ ಹಾಲು ಕೊಡಿ. ಬೇಕಿದ್ರೆ ಮೊದಮೊದಲು ಅದರ ಜೊತೆಗೇ ಸ್ವಲ್ಪ ಸ್ವಲ್ಪ ಬೆರೆಸ್ತಾ ಬನ್ನಿ. ಆಮೇಲೆ..."

ಆಮೇಲೆ ಅವರು ಏನು ಹೇಳಿದರೋ ಅವನಿಗೆ ಕೇಳಿಸಲಿಲ್ಲ. "ಬೆರೆಸಿ" ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಮನಸ್ಸು ತೋಳೇರಿಸಿ ಕೆಲಸಕ್ಕೆ ಇಳಿದಾಗಿತ್ತು. ಇಷ್ಟು ದಿನ ಅಪ್ಪ ಎಂಬುದು ಮಾಡುತ್ತಾ ಕಲಿಯುವ ಕೆಲಸವಾಗಿತ್ತು. ಕೊನೆಗೂ ಅದರಲ್ಲಿ ಅವನಿಗೆ ಬರುವಂಥದ್ದೊಂದು ಸಿಕ್ಕಿತ್ತು.

ವರ್ಷ ತುಂಬಿತು. ಅವನು ಅಡುಗೆಮನೆಯ ಕಿಟಕಿಯ ಕಟ್ಟೆಯನ್ನು ತನ್ನದಾಗಿಸಿಕೊಂಡ. ಮೂರು ಪಾಲು ಪುಡಿಯ ಹಾಲು, ಒಂದು ಪಾಲು ಹಸುವಿನ ಹಾಲು. ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಅಂಗಡಿಯ ಅಭ್ಯಾಸದಂತೆ ಚೆನ್ನಾಗಿ ಕುಲುಕಿ, ಮಗಳ ಬಾಯಿಗಿಟ್ಟ. ಮೇಡಂ ಒಂದು ಗುಟುಕು ಎಳೆದಳು. ನಿಲ್ಲಿಸಿದಳು. ಅಪ್ಪನ ಮುಖ ನೋಡಿದಳು, ತೀರಾ ನಂಬಿದವರೇ ಕೈ ಕೊಟ್ಟಾಗ ನೋಡುವ ಹಾಗೆ. ಆಮೇಲೆ ಗುಟುಕನ್ನು ಅವನ ಅಂಗಿಯ ಮೇಲೆ ವಾಪಸು ಮಾಡಿದಳು.

ಬೇರೆ ಯಾರಾದರೂ ಆಗಿದ್ದರೆ ರುಚಿ ಹಿಡಿಸಲಿಲ್ಲ ಅಂದುಕೊಳ್ಳುತ್ತಿದ್ದರು. ಇವನು ಅಂಗಿಯ ಮೇಲಿನ ಕಲೆಯನ್ನು ಬೆಳಕಿಗೆ ಹಿಡಿದು ನೋಡಿದ. ಪುಡಿಯ ಹಾಲಿಗೆ ಒಂದು ಎಳೆ ಹಳದಿ ಇದೆ, ಹಸುವಿನದು ತುಸು ನೀಲಿಗೆ ತಿರುಗುತ್ತದೆ. ಬಣ್ಣ ಕೂಡಿಲ್ಲ. ಮಗಳು ಅದನ್ನು ಹಿಡಿದುಬಿಟ್ಟಿದ್ದಾಳೆ! ತನ್ನ ರಕ್ತವಲ್ಲವೇ. ಅವನ ಕಣ್ಣು ತುಂಬಿ ಬಂತು.

ಅಂದಿನಿಂದ ಬಣ್ಣಗಳ ಮಾದರಿ ತೋರಿಸುವ ಹಳೇ ಶೇಡ್ ಕಾರ್ಡಿನ ಬೆನ್ನಿಗೆ ಹಾಲಿನ ಹನಿಗಳು ಸಾಲಾಗಿ ಒಣಗತೊಡಗಿದವು. ಬಾಟಲಿ ಬದಲಾಗಲಿಲ್ಲ, ಹಟ ಬದಲಾಗಲಿಲ್ಲ, ಪಾಲು ಮಾತ್ರ ದಿನಾ ಬದಲಾಯಿತು. ಮೇಡಂ ಒಂದೊಂದನ್ನೂ ಪರಿಶೀಲಿಸಿ ತಿರಸ್ಕರಿಸಿದಳು. ಮಧ್ಯಾಹ್ನದ ಹೊತ್ತಿಗೆ ಹಸಿವು ತಾಳದೆ ಕಿರುಚಿದಾಗ ಅವನು ಸೋತು ಬರೀ ಪುಡಿಯ ಹಾಲನ್ನೇ ಕೊಡುತ್ತಿದ್ದ. ಗಟಗಟ ಕುಡಿದು, ತೇಗಿ, ತನ್ನ ಮಾತು ನಡೆಯಿತೆಂದು ನಗುತ್ತಿದ್ದಳು.

"ರೀ, ಅವಳು ಮಗು, ಗೋಡೆಯಲ್ಲ" ಎಂದಳು ಹೆಂಡತಿ, ಕಾರ್ಡಿನ ಮೇಲಿನ ನೊಣ ಓಡಿಸುತ್ತಾ.

"ನಿಂಗೆ ಗೊತ್ತಾಗಲ್ಲ ಸುಮ್ನಿರು. ಇನ್ನೊಂಚೂರು ಬೆಚ್ಚಗಿನ ಬಿಳಿ ಬೇಕು ಅಷ್ಟೆ."

"ಬೆಚ್ಚಗಿನ ಬಿಳಿ! ಬೆಚ್ಚಗಿನ ಹಾಲು ಅಂದಿದ್ರೆ ನಂಗೂ ಅರ್ಥ ಆಗ್ತಿತ್ತು."

ಯಜಮಾನರೂ ಒಂದು ಸಲಹೆ ಕೊಟ್ಟರು. "ಹಾಲು ಅಂದ್ರೆ ಹಾಲು ಕಣಯ್ಯ, ಮೂಗು ಹಿಡಿದು ಕುಡಿಸು." ಯಜಮಾನರಿಗೆ ಮಕ್ಕಳಿರಲಿಲ್ಲ. ಹಾಗಾಗಿ ಮಕ್ಕಳ ವಿಷಯದಲ್ಲಿ ಅವರಿಗೆ ಯಾವ ಅನುಮಾನವೂ ಇರಲಿಲ್ಲ.

ಇಷ್ಟರಲ್ಲಿ ಒಂದು ರಾತ್ರಿ ಅತ್ತೆ ಬಂದರು. ಅವರು ಐದು ಮಕ್ಕಳನ್ನು ಸಾಕಿದವರು. ಆ ಸಂಗತಿಯನ್ನು ಮನೆಯೊಳಗೆ ಕಾಲಿಡುವಾಗೊಮ್ಮೆ, ಹೊರಡುವಾಗೊಮ್ಮೆ ಹೇಳುತ್ತಿದ್ದರು; ನಡುವೆ ಮರೆತುಹೋದರೆ ಎಂದು ಇನ್ನೂ ಕೆಲವು ಸಲ. ತೊಡೆಯ ಮೇಲೆ ಮಡಿಕೆ ಮಡಿಕೆಯಾಗಿ ಮಾಂಸ ತುಂಬಿದ್ದ ಮೊಮ್ಮಗಳನ್ನು ಎತ್ತಿಕೊಂಡು, "ಅಯ್ಯೋ, ಕಡ್ಡಿ ಆಗಿದೆಯಲ್ಲೇ ನನ್ನ ಬಂಗಾರ" ಎಂದು ಕಣ್ಣೊರೆಸಿಕೊಂಡರು.

"ಇನ್ನೂ ಪುಡಿಯೇನಪ್ಪಾ?" ಎಂದು ಅಳಿಯನನ್ನು ಕೇಳಿದರು.

"ಬಿಡಿಸ್ತಾ ಇದೀನಿ ಅತ್ತೆ. ಸ್ವಲ್ಪ ಸ್ವಲ್ಪ."

"ಗಂಡಸರ ಕೈಲಿ ಮಗು ಬಿಟ್ರೆ ಹೀಗೇನೇ. ನೋಡು, ಮುಂದಿನ ಭಾನುವಾರ ಬರ್ತೀನಿ. ಅಷ್ಟರಲ್ಲಿ ಹಾಲು ಕುಡಿಯೋದು ಕಲಿತಿದ್ರೆ ಸರಿ. ಇಲ್ಲಾಂದ್ರೆ ನನ್ನ ಜೊತೆ ಕರ್ಕೊಂಡು ಹೋಗ್ತೀನಿ. ಒಂದಾರು ತಿಂಗಳು ನನ್ನ ಕೈಲಿರಲಿ. ನೀವೂ ಸ್ವಲ್ಪ ಉಸಿರಾಡ್ಕೊಳಿ."

ಅವನು ಹೆಂಡತಿಯ ಕಡೆ ನೋಡಿದ. ಅವಳು ಇಲ್ಲ ಅನ್ನುತ್ತಾಳೆಂದು ಕಾದ. ಅವಳು ಬೆಳಗಿನಿಂದ ನಿಂತೇ ಇದ್ದ ಕಾಲುಗಳನ್ನು ಒತ್ತಿಕೊಳ್ಳುತ್ತಾ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಮಾರನೆಯ ಮಧ್ಯಾಹ್ನ ಯಂತ್ರ ಓಡಿಸುವಾಗ, ಮೇಲೆ ಮಲಗುವವರೇ ಇಲ್ಲದಿದ್ದರೆ ಇದು ಬರೀ ಸದ್ದಲ್ಲವೇ ಅನ್ನಿಸಿತು.

ಆ ವಾರ ಅವನು ಕಾರ್ಡಿನ ಬೆನ್ನಿಗೆ ಬಿದ್ದು ಅಂಗಡಿಯಲ್ಲಿ ಒಬ್ಬರ ಅಡುಗೆಮನೆಗೆ ಇನ್ನೊಬ್ಬರ ಸ್ನಾನದ ಮನೆಯ ಬಣ್ಣ ಕೊಟ್ಟು ಕಳಿಸಿದ. ಮೇಡಂ ಒಂದು ಹನಿಯನ್ನೂ ಒಪ್ಪಲಿಲ್ಲ. ಇಬ್ಬರಿಗೂ ರಜೆಯಿದ್ದ ಭಾನುವಾರ ಬೆಳಿಗ್ಗೆ, ಪ್ರಾಮಾಣಿಕ ದಾರಿಗಳೆಲ್ಲ ಮುಗಿದ ಮೇಲೆ, ಅವನಿಗೊಂದು ಉಪಾಯ ಹೊಳೆಯಿತು. ಹಸುವಿನ ಹಾಲನ್ನು ಪುಡಿಯ ಹಾಲಿನಂತೆ ಕಾಣಿಸಲು ಆಗದಿದ್ದರೆ ಬೇಡ, ಪುಡಿಯ ಹಾಲೇ ಹಸುವಿನ ಹಾಲಿನಂತೆ ಕಂಡರೆ ಸಾಕಲ್ಲ? ಕುಡಿಯುವವಳಿಗೆ ಪುಡಿ, ನೋಡುವವರಿಗೆ ಹಸು. ಪುಡಿಯ ಹಾಲಿಗೆ ಲೆಕ್ಕಕ್ಕಷ್ಟೇ ಒಂದು ತೊಟ್ಟು ಹಸುವಿನ ಹಾಲು ಬಿಟ್ಟು, ಕುಲುಕಿ ನೊರೆ ಬರಿಸಿ, ಕಿಟಕಿಯ ಬೆಳಕಿನಿಂದ ದೂರ ಇಟ್ಟ. ಅವನ ವೃತ್ತಿಯಲ್ಲೇ ಅದು ಅತ್ಯುತ್ತಮ ಕೆಲಸ. ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ ಅಷ್ಟೆ.

ಅತ್ತೆ ಬಂದರು. ಜೊತೆಗೆ ಮಗುವಿನ ಬಟ್ಟೆ ತುಂಬಲು ಖಾಲಿ ಚೀಲವೊಂದು. ಅವರಿಗೆ ಕಾಫಿ ಆಗಿಬರುತ್ತಿರಲಿಲ್ಲ. ಹೆಂಡತಿ ಅಮ್ಮನಿಗೆ ಒಂದು ಲೋಟ ಹಾಲು ಆರಿಸಿ ಕೊಟ್ಟಳು. ಅವನು ಬಾಟಲಿ ತಂದು ಮೇಡಂ ಮುಂದೆ ಕೂತ.

"ನೋಡಿ ಅತ್ತೆ. ಹಸುವಿನ ಹಾಲು. ಹೇಗೆ ಕುಡೀತಾಳೆ ನೋಡಿ."

ಮೇಡಂ ಬಾಟಲಿ ನೋಡಿದಳು. ವಾರವಿಡೀ ಮೋಸ ಹೋದವಳಿಗೆ ಬಾಟಲಿಯ ಮೇಲಿನ ನಂಬಿಕೆಯೇ ಹೋಗಿತ್ತು. ಕೈಯಿಂದ ತಳ್ಳಿದಳು. ಅಂಬೆಗಾಲಿಟ್ಟು ಅಜ್ಜಿಯ ಹತ್ತಿರ ಹೋದಳು, ಮೊಣಕಾಲು ಹಿಡಿದು ಎದ್ದು ನಿಂತಳು, ಅವರ ಕೈಯಲ್ಲಿದ್ದ ಲೋಟವನ್ನು ತನ್ನ ಕಡೆಗೆ ಬಗ್ಗಿಸಿಕೊಂಡಳು. ಕುಡಿದಳು. ಅರ್ಧ ಗದ್ದದ ಮೇಲೆ, ಅರ್ಧ ಒಳಗೆ. ತಲೆಯೆತ್ತಿದಾಗ ಮೇಲ್ತುಟಿಯ ಮೇಲೆ ಕೆನೆಯ ಮೀಸೆ.

"ಅಬ್ಬಬ್ಬಾ, ಕುಡಿದಳು ಕಣೇ!" ಅತ್ತೆ ಸುತ್ತ ನೋಡಿದರು. "ನನ್ನ ಕೈಗುಣ! ಐದು ಮಕ್ಕಳನ್ನ ಸುಮ್ನೆ ಸಾಕಿದ್ನಾ? ನಿಮ್ಮ ಕೈಲಿ ಕುಡಿಯಲ್ಲ, ನನ್ನ ಕೈಲಿ ಕುಡೀತಾಳೆ. ಇನ್ನೇನು ಮಾತಿದೆ? ಬಟ್ಟೆ ಕೊಡು, ಚೀಲಕ್ಕೆ ಹಾಕ್ಕೋತೀನಿ."

ಹೆಂಡತಿ ಅಷ್ಟರಲ್ಲಿ ಬಾಟಲಿ ಎತ್ತಿಕೊಂಡಿದ್ದಳು. ಸುಮ್ಮನೆ ಮೂಗಿನ ಹತ್ತಿರ ಹಿಡಿದಳು. ಗಂಡನ ಕಡೆ ನೋಡಿದಳು. ಬಣ್ಣ ನೋಡುವವನಿಗೆ ವಾಸನೆ ಎಂಬುದೊಂದಿದೆ ಎಂದು ನೆನಪೇ ಆಗಿರಲಿಲ್ಲ. ಅವನು ನೆಲ ನೋಡಿದ. ಇಷ್ಟು ದೊಡ್ಡ ಕಳ್ಳಾಟ, ಇಷ್ಟು ಚಿಕ್ಕ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಲು. ಅವಳಿಗೆ ಏನನ್ನಿಸಿತೋ, ಬಾಟಲಿಯನ್ನು ಬೆನ್ನ ಹಿಂದೆ ಮಾಡಿಕೊಂಡಳು.

"ರೀ, ಅವತ್ತು ಡಾಕ್ಟರಮ್ಮ ಕೊನೇಲಿ ಏನಂದಿದ್ರು?"

"ಬೆರೆಸಿ ಅಂದಿದ್ರು."

"ಅದು ಮಧ್ಯದಲ್ಲಿ. ಕೊನೇಲಿ?"

ಅವನು ಶೇಡ್ ಕಾರ್ಡಿನ ಕಡೆ ನೋಡಿದ.

"ಬಾಟಲಿ ಬಿಡಿಸಿ, ಲೋಟದಲ್ಲಿ ಕೊಡಿ ಅಂದಿದ್ರು. ನಾನೂ ಮರೆತಿದ್ದೆ, ಈಗ ನೆನಪಾಯ್ತು. ನಿಮಗೆ ಕೇಳಿಸಿತ್ತೋ ಇಲ್ವೋ."

"ಲೋಟ ಅಂದಿದ್ರಾ?"

ಅವನು ಎದ್ದು ತನ್ನ ಟೀ ಲೋಟ ತೊಳೆದು ತಂದ. ಪಾತ್ರೆಯಿಂದ ಬರೀ ಹಾಲು ಸುರಿದ. ಬೆಳಕಿಗೆ ಹಿಡಿಯಲಿಲ್ಲ. ಮಗಳ ಎದುರು ಮಂಡಿಯೂರಿ ಕೂತು ತುಟಿಗಿಟ್ಟ. ಮೇಡಂ ಲೋಟವನ್ನು ನೋಡಿದಳು, ಅವನನ್ನು ನೋಡಿದಳು. ಆಮೇಲೆ ಎರಡೂ ಕೈಯಿಂದ ಹಿಡಿದು ಕುಡಿದಳು. ಉಳಿದದ್ದನ್ನು ಅವನ ಅಂಗಿಗೆ ಕೊಟ್ಟಳು.

"ಅಮ್ಮ, ಅವಳು ಎಲ್ಲಿಗೂ ಬರಲ್ಲ" ಎಂದಳು ಹೆಂಡತಿ. "ಹೋದ ವಾರವೇ ಹೇಳಬೇಕಿತ್ತು ನಾನು."

ಅತ್ತೆ ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿದರು. "ಹೂಂ. ಲೋಟ ಹಿಡಿಯೋದು ಕಲಿಸಿದ್ದು ಮಾತ್ರ ನಾನೇ" ಎಂದರು. "ಅಲ್ಲಪ್ಪಾ, ಹಾಗಾದ್ರೆ ಆ ಬಾಟಲೀದು ಯಾಕೆ ಬೇಡ ಅಂದಳು? ಅದೂ ಇದೇ ಹಾಲು ತಾನೇ?"

ಹೆಂಡತಿ ಕಿಟಕಿಯ ಆಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡತೊಡಗಿದಳು. ಅವನು ಮೇಡಂಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡ, ಮೊಳೆಯ ಮೇಲಿನ ಅಂಗಡಿಯ ಬೀಗದ ಕೈ ತೆಗೆದುಕೊಂಡ.

"ಅದು ಏನಾಯ್ತು ಅಂದ್ರೆ ಅತ್ತೆ, ಇವಳಿಗೀಗ ಮಲಗೋ ಹೊತ್ತು, ಕೆಳಗೆ ಸ್ವಲ್ಪ ಯಂತ್ರ ಹಾಕಬೇಕು, ಹಾಕಿ ಬಂದು ಎಲ್ಲಾ ಹೇಳ್ತೀನಿ. ಬಿಳಿ ಅಂದ್ರೆ ಬರೀ ಬಿಳಿ ಅಲ್ಲ, ನೋಡೋಕೆ ಎರಡೂ ಒಂದೇ ಥರ ಇದ್ರೂ ಆ ಬಾಟಲಿಯಲ್ಲಿ ಇದ್ದದ್ದು" ಎನ್ನುತ್ತಾ ಅವನು ಬಾಗಿಲು ದಾಟಿದ, "ಅಸಲಿಗೆ ಅದು..." ಎನ್ನುತ್ತಾ ಮೆಟ್ಟಿಲಿಳಿದ. ಉಳಿದದ್ದನ್ನು ಯಂತ್ರದ ಗಡಗಡ ನುಂಗಿತು.