ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದ ಮ್ಯಾನೇಜರು
ಗೋದಾಮಿನ ಮ್ಯಾನೇಜರು ಯೋಚನೆ ಮಾಡುವವರಲ್ಲ, ತೀರ್ಮಾನ ಮಾಡುವವರು. ಮೂಲವ್ಯಾಧಿಯ ಕಾಟಕ್ಕೆ ಮನೆಯಾಕೆ ಹೊಲಿದುಕೊಟ್ಟ ದಪ್ಪ ಮೆತ್ತೆಯ ಮೇಲೆ ಹುಷಾರಾಗಿ ಕುಳಿತು, “ತೀರ್ಮಾನ ಆಗೋಯ್ತು!” ಎಂದು ಮೇಜು ಗುದ್ದಿದರೆಂದರೆ ಮುಗಿಯಿತು, ಗುದ್ದಿಸಿಕೊಂಡೂ ಗುದ್ದಿಸಿಕೊಂಡೂ ಆ ಮೇಜಿಗೆ ಒಂದು ಕಾಲು ಕುಂಟು. ಜನ ಗಡಿಯಾರ ನೋಡುತ್ತಲೇ ಕೂರುತ್ತಾರೆಂದು ಅದನ್ನು ಬೀರುವಿನೊಳಗೆ ಇಡಿಸಿದರು; ಈಗ ಎಲ್ಲರೂ ಸಾಲು ನಿಂತು ಬೀರು ತೆರೆಯುತ್ತಾರೆ. ಧೂಳು ಬರುತ್ತದೆಂದು ಯಾರೋ ಗೊಣಗಿದಾಗ, ಗುಮಾಸ್ತ “ಒಂದು ಪರದೆ ಹಾಕ್ಸಿದ್ರೆ ಸಾರ್...” ಎನ್ನುವಷ್ಟರಲ್ಲಿ, ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ ಆಫೀಸಿನ ಬಾಗಿಲಿಗೇ ಇಟ್ಟಿಗೆ ಕಟ್ಟಿಸಿಬಿಟ್ಟರು. ಅಂದಿನಿಂದ ಸಿಬ್ಬಂದಿಯೆಲ್ಲ ಊಟದ ಡಬ್ಬಿ ಹಲ್ಲಲ್ಲಿ ಕಚ್ಚಿಕೊಂಡು, ಸರಳು ಕಿತ್ತ ಕಿಟಕಿ ಹತ್ತಿ ಒಳಗೆ ಧುಮುಕುತ್ತಾರೆ. “ವ್ಯಾಯಾಮ ಆಗುತ್ತೆ ಕಣ್ರಿ,” ಎನ್ನುವ ಮ್ಯಾನೇಜರನ್ನು ಮಾತ್ರ ಹಿಂದಿನಿಂದ ಇಬ್ಬರು ನೂಕಬೇಕು. ಆದರೂ ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ನಿವೃತ್ತಿ ಹತ್ತಿರವಾದ ಟೈಪಿಸ್ಟಮ್ಮ ಒಂದು ಬೆಳಿಗ್ಗೆ ಧುಮುಕುವಾಗ ಜಾರಿ ಬಿದ್ದು, ಸೊಂಟ ಹಿಡಿದುಕೊಂಡೇ ಎದುರಿಗೆ ಬಂದು ನಿಂತರು. “ಆ ಇಟ್ಟಿಗೆ ಒಡೆಸಿಬಿಡಿ ಸಾರ್. ಈ ವಯಸ್ಸಲ್ಲಿ ನಂಗಾಗಲ್ಲ.” “ಅದು ತೀರ್ಮಾನ ಆಗೋಗಿದೆಯಲ್ಲಮ್ಮ,” ಎಂದರು ಮ್ಯಾನೇಜರು, ಮೇಜು ಮಾತ್ರ ಗುದ್ದಲಿಲ್ಲ. ಮರುದಿನ ಟೈಪಿಸ್ಟಮ್ಮ ಕಣ್ಣು ಮುಚ್ಚಿಕೊಂಡು ಧುಮುಕಿದರೆ, ಕಾಲಿಗೆ ಮೆತ್ತಗೇನೋ ಸಿಕ್ಕಿತು: ಮ್ಯಾನೇಜರ ಮೆತ್ತೆ. ಆಚೆ ಅವರ ಬರಿ ಮರದ ಕುರ್ಚಿ ಖಾಲಿಯಿತ್ತು. ಅದರ ಪಕ್ಕದಲ್ಲಿ ನಿಂತುಕೊಂಡೇ ಅವರು ಕಾಗದಗಳಿಗೆ ಸಹಿ ಹಾಕುತ್ತಿದ್ದರು. “ಕೂತ್ಕೊಳ್ಳಿ ಸಾರ್,” ಎಂದರು ಟೈಪಿಸ್ಟಮ್ಮ. ಅವರು ತಲೆ ಎತ್ತಲಿಲ್ಲ. “ಇನ್ಮೇಲೆ ನಾನು ನಿಂತೇ ಕೆಲ್ಸ ಮಾಡೋದಮ್ಮ. ತೀರ್ಮಾನ ಆಗೋಯ್ತು.”